ಬರದಲ್ಲಿ ಕಾಡುಮರದ ಬೇರು: ಅಗೆದು, ತೊಳೆದು, ತೂಗಿ ನೋಡುವ ಬಗೆ

ನೀರು ಕಡಿಮೆಯಾದರೆ ಬೇರು ಆಳಕ್ಕಿಳಿದು ನೀರು ಹುಡುಕುತ್ತದೆ ಎನ್ನುವ ಮಾತು ಅರ್ಧ ಮಾತ್ರ ನಿಜ. ಬೇರಿನ ತುದಿ ಮುಂದೆ ಸಾಗಬೇಕಾದರೆ ಅಲ್ಲಿನ ಜೀವಕೋಶಗಳು ನೀರು ತುಂಬಿಕೊಂಡು ಉಬ್ಬಿ ಮಣ್ಣನ್ನು ನೂಕಬೇಕು. ಒಣಗಿದ ಮಣ್ಣು ಗಟ್ಟಿಯಾಗಿರುತ್ತದೆ, ಉಬ್ಬಲು ಬೇಕಾದ ನೀರೂ ಅಲ್ಲಿರುವುದಿಲ್ಲ. ಹಾಗಾಗಿ ಬರದಲ್ಲಿ ಮರದ ಕೈಹಿಡಿಯುವ ಆಳದ ಬೇರು ಬಹುಪಾಲು ಹಿಂದಿನ ಒಳ್ಳೆಯ ವರ್ಷಗಳಲ್ಲೇ ಇಳಿದಿರುವಂಥದ್ದು. ಬರ ಬಂದ ಮೇಲೆ ನಡೆಯುವುದು ಹುಡುಕಾಟಕ್ಕಿಂತ ಹೆಚ್ಚಾಗಿ ಖರ್ಚು ಕಡಿತ. ಮೇಲ್ಮಣ್ಣಿನ ಸಣ್ಣಬೇರುಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಮುಚ್ಚಿಕೊಂಡು ಕೂರುತ್ತವೆ, ಇನ್ನೂ ಹಸಿಯಿರುವ ಪದರದಲ್ಲಿ ಮಾತ್ರ ಹೊಸ ಬೆಳವಣಿಗೆ ಸಾಗುತ್ತದೆ.

ನೀವು ನೋಡುತ್ತಿರುವ ಕಾಡಿನಲ್ಲಿ ಇವುಗಳಲ್ಲಿ ಯಾವುದು ನಡೆಯುತ್ತಿದೆ ಎಂಬುದು ಎಲೆ ನೋಡಿದರೆ ತಿಳಿಯದು. ಮಣ್ಣನ್ನು ಪದರ ಪದರವಾಗಿ ತೆಗೆದು, ಜೀವಂತ ಬೇರು ಎಷ್ಟು, ಸತ್ತದ್ದು ಎಷ್ಟು ಎಂದು ಬೇರೆ ಬೇರೆ ಋತುಗಳಲ್ಲಿ ತೂಗಬೇಕು. ಆ ಕೆಲಸಕ್ಕೆ ಆಗರ್ (ಮಣ್ಣನ್ನು ಕೊರೆದು ತೆಗೆಯುವ ಕೊಳವೆ), ಜರಡಿ, ಒಣಗಿಸುವ ಓವನ್, ಒಂದು ಒಳ್ಳೆಯ ತಕ್ಕಡಿ ಮತ್ತು ಬಹಳ ತಾಳ್ಮೆ ಬೇಕು.

ಮಣ್ಣು ಒಣಗುತ್ತಾ ಹೋದಂತೆ

ಮಣ್ಣಿನಲ್ಲಿ ಎಷ್ಟು ನೀರಿದೆ ಎನ್ನುವುದಕ್ಕಿಂತ ಮಣ್ಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಎನ್ನುವುದು ಬೇರಿಗೆ ಮುಖ್ಯ. ಈ ಬಿಗಿಯನ್ನು ಒತ್ತಡದ ಅಳತೆಯಾದ ಮೆಗಾಪಾಸ್ಕಲ್‌ನಲ್ಲಿ, ಋಣ ಸಂಖ್ಯೆಯಾಗಿ ಬರೆಯುತ್ತಾರೆ. ಸೊನ್ನೆಯಿಂದ ಕೆಳಗೆ ಹೋದಷ್ಟೂ ಬಿಗಿ ಹೆಚ್ಚು. ಮಳೆ ನಿಂತು ಹೆಚ್ಚಿನ ನೀರು ಬಸಿದುಹೋದ ಮಣ್ಣಿನಲ್ಲಿ ಇದು ಸುಮಾರು -0.03. ಗಿಡ ಬಾಡಿ ಮತ್ತೆ ತಲೆಯೆತ್ತದ ಹಂತವೆಂದು ಪಠ್ಯಗಳು ಹೇಳುವುದು -1.5. ಈ ಎರಡನೆಯ ಅಂಕಿ ಬೆಳೆಗಿಡಗಳನ್ನು ನೋಡಿ ಕಟ್ಟಿದ್ದು. ಒಣಕಾಡಿನ ಎಷ್ಟೋ ಮರಗಳು ಅದನ್ನು ದಾಟಿಯೂ ನೀರೆಳೆಯುತ್ತವೆ. ಆದ್ದರಿಂದ -1.5 ಬಂತೆಂದ ಮಾತ್ರಕ್ಕೆ ಆ ಪದರದ ಬೇರು ಕೆಲಸ ನಿಲ್ಲಿಸಿತು ಎಂದು ಬರೆದುಕೊಳ್ಳಬೇಡಿ.

ಒಣಗುವಿಕೆ ಶುರುವಾದ ದಿನಗಳಲ್ಲಿ ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಜೀವಕೋಶದ ಪೊರೆಯಲ್ಲಿ ನೀರು ಹಾಯಲೆಂದೇ ಇರುವ ಆಕ್ವಾಪೋರಿನ್ ಎಂಬ ಪ್ರೋಟೀನ್ ಕಂಡಿಗಳ ಕೆಲಸ ಬದಲಾಗುತ್ತದೆ. ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ, ಎಲೆಯ ರಂಧ್ರಗಳು ಕಿರಿದಾಗುತ್ತವೆ. ಇನ್ನಷ್ಟು ಒಣಗಿದಾಗ ಸಣ್ಣಬೇರು ತಾನೇ ಕುಗ್ಗುತ್ತದೆ. ಬೇರಿಗೂ ಮಣ್ಣಿಗೂ ನಡುವೆ ಗಾಳಿಯ ಸಂದು ಬೀಳುತ್ತದೆ, ಆ ಸಂದನ್ನು ನೀರು ಸುಲಭವಾಗಿ ದಾಟದು. ಬೇರುರೋಮಗಳು, ಬೇರು ಸುರಿಸುವ ಲೋಳೆ ಮತ್ತು ಬೇರಿನೊಡನೆ ಕೂಡಿ ಬಾಳುವ ಮೈಕೊರೈಜಾ ಶಿಲೀಂಧ್ರದ ಎಳೆಗಳು ಸ್ವಲ್ಪ ಕಾಲ ಸೇತುವೆಯಾಗುತ್ತವೆ. ಶಿಲೀಂಧ್ರದ ಎಳೆಯ ದಪ್ಪ ಕೆಲವೇ ಮೈಕ್ರೋಮೀಟರ್. ಬೇರು ತೂರಲಾರದ ಮಣ್ಣಿನ ಸೂಕ್ಷ್ಮ ಸಂದಿಗಳಿಗೂ ಅದು ನುಗ್ಗಬಲ್ಲದು.

ಮುಂದಿನ ಹಂತ ಬಾಗಿಲು ಮುಚ್ಚುವುದು. ಬೇರಿನ ಒಳ ಮತ್ತು ಹೊರ ಪದರಗಳ ಗೋಡೆಗಳಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು ಹೆಚ್ಚು ಸೇರಿಕೊಂಡು ತುದಿ ಕಂದಾಗುತ್ತದೆ. ಇದು ಮರದೊಳಗಿನ ನೀರು ಒಣಮಣ್ಣಿಗೆ ಮರಳಿ ಸೋರುವುದನ್ನು ತಡೆಯುತ್ತದೆ. ಬೆಲೆಯನ್ನು ಮಾತ್ರ ಆಮೇಲೆ ತೆರಬೇಕು. ಮಳೆ ಬಂದಾಗ ಮುಚ್ಚಿಕೊಂಡ ಬೇರು ತಕ್ಷಣ ಹೀರಲಾರದು. ಮರ ಹೊಸ ಬಿಳಿ ತುದಿಗಳನ್ನು ಹೊರಡಿಸಿದ ಮೇಲೆಯೇ ಹೀರುವಿಕೆ ಪೂರ್ತಿ ಮರಳುತ್ತದೆ. ಬರ ಇನ್ನೂ ಉದ್ದವಾದರೆ ಅತಿ ಸಣ್ಣ ಕವಲುಗಳು ಸಾಯುತ್ತವೆ. ಅವುಗಳನ್ನು ಬದುಕಿಸಿಡಲೂ ಸಕ್ಕರೆ ಖರ್ಚಾಗುತ್ತದಲ್ಲ.

ಇಷ್ಟರಲ್ಲಿ ಆಳದ ಬೇರುಗಳು ಪಾಲು ಹೆಚ್ಚಿಸಿಕೊಂಡಿರುತ್ತವೆ. ತೂಕದಲ್ಲಿ ಅವು ಅತ್ಯಲ್ಪ, ಕೆಲಸದಲ್ಲಿ ಅಲ್ಲ. ಜಗತ್ತಿನ ಹಲವೆಡೆಯ ಅಳತೆಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಮರಗಳ ಬೇರಿನ ಗರಿಷ್ಠ ಆಳದ ಸರಾಸರಿ ಸುಮಾರು 7 ಮೀಟರ್. ಆಫ್ರಿಕಾದ ಕಲಹಾರಿಯ ಬೋಸಿಯಾ ಆಲ್ಬಿಟ್ರಂಕಾ ಮರದ ಬೇರು 68 ಮೀಟರ್ ಆಳದಲ್ಲಿ ಸಿಕ್ಕಿದ್ದೂ ಅದೇ ಲೆಕ್ಕದಲ್ಲಿದೆ. ಅಮೆಜಾನ್‌ನ ಪೂರ್ವಭಾಗದಲ್ಲಿ, ಬ್ರೆಜಿಲ್‌ನ ಪರಗೋಮಿನಾಸ್ ಬಳಿ ನಡೆದ ಅಧ್ಯಯನ 1994ರಲ್ಲೇ ತೋರಿಸಿದ್ದೇನೆಂದರೆ, ತಿಂಗಳುಗಟ್ಟಲೆ ಮಳೆಯಿಲ್ಲದಿದ್ದರೂ ಆ ಕಾಡು ಹಸಿರಾಗಿ ನಿಲ್ಲುವುದು ಹಲವು ಮೀಟರ್ ಕೆಳಗಿನಿಂದ ಎಳೆದ ನೀರಿನ ಬಲದಿಂದ. ಒಂದು ಮೀಟರ್ ಅಗೆದು ‘ಬೇರು ಮುಗಿಯಿತು’ ಎನ್ನುವವರು ನೆನಪಿಡಬೇಕಾದ ಸಂಗತಿಯಿದು.

ಎಚ್ಚರಿಕೆಯೊಂದು. ‘ಬರದಲ್ಲಿ ಬೇರು ಹೆಚ್ಚುತ್ತದೆ’ ಎಂದು ಹೇಳುವಾಗ ಬಹಳ ಸಲ ಅಳೆದಿರುವುದು ಬೇರಿಗೂ ಕಾಂಡಕ್ಕೂ ಇರುವ ಅನುಪಾತವನ್ನು. ಮೇಲಿನ ಬೆಳವಣಿಗೆ ನಿಂತು ಬೇರಿನದು ಸ್ವಲ್ಪವೇ ಕುಂಠಿತವಾದರೂ ಅನುಪಾತ ಏರುತ್ತದೆ, ಬೇರಿನ ತೂಕ ಮಾತ್ರ ಏರಿರುವುದಿಲ್ಲ. ಸ್ವಿಟ್ಜರ್‌ಲೆಂಡಿನ ಫಿನ್‌ವಾಲ್ಡ್ ಎಂಬ ಒಣ ಪೈನ್ ಕಾಡಿನಲ್ಲಿ 2003ರಿಂದ ಕೆಲವು ತುಂಡು ನೆಲಕ್ಕೆ ನೀರುಣಿಸುತ್ತಾ ಬಂದಿದ್ದಾರೆ. ಅಲ್ಲಿ ಸಣ್ಣಬೇರು ಹೆಚ್ಚಿದ್ದು ನೀರು ಸಿಕ್ಕ ಮರಗಳಲ್ಲಿ. ಅನುಪಾತವನ್ನು ಬರೆಯಿರಿ, ಪಕ್ಕದಲ್ಲೇ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಎಂಬುದನ್ನೂ ಬರೆಯಿರಿ.

ಯಾವ ಮರ, ಯಾವಾಗ

ಒಂದು ಜಾತಿಗೆ ಕನಿಷ್ಠ 5-6 ಮರ ಬೇಕು. ಸುತ್ತಳತೆ ಹತ್ತಿರಹತ್ತಿರವಿರಲಿ, ಇಳಿಜಾರು ಮತ್ತು ಮಣ್ಣು ಒಂದೇ ಬಗೆಯವಾಗಿರಲಿ. ಸಾಧ್ಯವಾದರೆ ಅದೇ ಜಾತಿಯ ಮರಗಳೇ ನೆರೆಯಲ್ಲಿರುವ ತಾಣವನ್ನು ಆರಿಸಿ, ಬೇರು ವಿಂಗಡಿಸುವ ತಲೆನೋವು ಅರ್ಧ ಇಳಿಯುತ್ತದೆ. ಕಾಡಿನಲ್ಲಿ ಒಂದು ಮರದ ಬೇರು ಇನ್ನೊಂದರ ಬುಡದವರೆಗೂ ಓಡಿರುತ್ತದೆ. ‘ಈ ಮರದ ಬೇರು’ ಎಂದು ಖಾತ್ರಿಯಾಗಿ ಹೇಳಬೇಕಾದರೆ ದಪ್ಪ ಬೇರಿನಿಂದ ತುದಿಯವರೆಗೆ ಬಿಡಿಸುತ್ತಲೇ ಹೋಗಬೇಕು. ಸಂರಕ್ಷಿತ ಕಾಡಾದರೆ ಲಿಖಿತ ಅನುಮತಿ ಮೊದಲು, ಆಗರ್ ಆಮೇಲೆ.

ಪ್ರತಿ ಮರಕ್ಕೂ ಮೂರು ದಿಕ್ಕುಗಳಲ್ಲಿ, ಬುಡಕ್ಕೂ ಕೊಂಬೆಗಳ ಅಂಚಿಗೂ ನಡುವಿನ ಒಂದೇ ದೂರದಲ್ಲಿ ಮಣ್ಣು ತೆಗೆಯಿರಿ. ಬುಡಕ್ಕೆ ತೀರ ಹತ್ತಿರ ಹೋದರೆ ಆಗರ್ ಸಿಕ್ಕಿಹಾಕಿಕೊಳ್ಳುವುದು ದಪ್ಪ ಬೇರಿಗೆ.

ಸಮಯದ ವಿಷಯದಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಮಣ್ಣು ಚೆನ್ನಾಗಿ ನೆಂದಿರುವ ಕಾಲದ ಕೊನೆಯಲ್ಲೊಮ್ಮೆ, ಒಣಗುವಿಕೆಯ ನಡುವೆ ಒಮ್ಮೆ, ಅತ್ಯಂತ ಒಣಗಿದ ಹೊತ್ತಿನಲ್ಲಿ ಒಮ್ಮೆ, ಮೊದಲ ದೊಡ್ಡ ಮಳೆಯಾಗಿ 2-3 ವಾರಕ್ಕೆ ಇನ್ನೊಮ್ಮೆ. ಹೆಚ್ಚಿನವರು ಬಿಟ್ಟುಬಿಡುವುದು ಈ ಕೊನೆಯದನ್ನು. ಮರ ಚೇತರಿಸಿಕೊಂಡಿತೇ ಎಂಬುದು ತಿಳಿಯುವುದು ಆಗಲೇ.

ಮಣ್ಣಿನ ಕಂಬ ತೆಗೆಯುವುದು

1. ನೆಲದ ಮೇಲಿನ ಸಡಿಲ ಒಣ ಎಲೆಗಳನ್ನಷ್ಟೇ ಕೈಯಿಂದ ಸರಿಸಿ. ಅದರಡಿಯ ಕಪ್ಪು, ಅರೆಕೊಳೆತ ಪದರವನ್ನು ಕೆರೆಯಬೇಡಿ. ಸಣ್ಣಬೇರು ಅಲ್ಲೇ ದಟ್ಟವಾಗಿರುವುದು ಸಾಮಾನ್ಯ.

2. ಒಳವ್ಯಾಸ 5ರಿಂದ 8 ಸೆಂ.ಮೀ. ಇರುವ, ಅಂಚು ಹರಿತವಾದ ಆಗರ್ ಬಳಸಿ. ಮೊಂಡ ಅಂಚು ಬೇರನ್ನು ಕತ್ತರಿಸುವ ಬದಲು ಕೆಳಗೆ ಎಳೆದೊಯ್ಯುತ್ತದೆ. ಕಡ್ಡಿಯ ಮೇಲೆ 10 ಸೆಂ.ಮೀ.ಗೊಂದು ಗುರುತು ಹಾಕಿಕೊಳ್ಳಿ.

3. 0-10, 10-20, 20-30, 30-50, 50-80, 80-100 ಸೆಂ.ಮೀ. ಎಂದು ಬೇರೆ ಬೇರೆ ಚೀಲಕ್ಕೆ ಹಾಕಿ. ಪ್ರತಿ ಸಲವೂ ಆಗರ್‌ನ ಮೇಲ್ತುದಿಯಲ್ಲಿ ಕೂತ ಸಡಿಲ ಮಣ್ಣನ್ನು ಎಸೆದುಬಿಡಿ. ಅದು ಗುಂಡಿಯ ಮೇಲ್ಗೋಡೆಯಿಂದ ಉದುರಿದ್ದು. ಎಸೆಯದಿದ್ದರೆ 80 ಸೆಂ.ಮೀ. ಆಳದಲ್ಲಿ ಮೇಲ್ಮಣ್ಣಿನ ಬೇರು ‘ಸಿಗುತ್ತದೆ’.

4. ಗುಂಡಿಯ ಆಳವನ್ನೂ ಒಳಗಿನ ಮಣ್ಣಿನ ಕಂಬದ ಉದ್ದವನ್ನೂ ಹೋಲಿಸಿ. ಗುಂಡಿ 30 ಸೆಂ.ಮೀ. ಇದ್ದು ಕಂಬ 26 ಇದ್ದರೆ ಮಣ್ಣು ಅದುಮಿಕೊಂಡಿದೆ. ಆ ಕಂಬವನ್ನು ಬಿಟ್ಟು ಅರ್ಧ ಮೀಟರ್ ಆಚೆ ಮತ್ತೆ ತೆಗೆಯಿರಿ.

5. ಪ್ರತಿ ಪದರದಿಂದ ಸುಮಾರು 50 ಗ್ರಾಂ ಮಣ್ಣನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಅದೇ ದಿನ ತೂಗಿ. ಉಳಿದದ್ದು ನೆರಳಿಗೆ, ನಂತರ 4 ಡಿಗ್ರಿ ಸೆಲ್ಸಿಯಸ್ ತಂಪಿಗೆ.

ಅತಿ ಒಣ ಮರಳು ಆಗರ್‌ನಿಂದ ಜಾರಿಬೀಳುತ್ತದೆ. ನೀರು ಹಾಕಿ ತೆಗೆಯುವ ಆಸೆ ಬರುತ್ತದೆ, ಹಾಗೆ ಮಾಡಿದರೆ ತೇವದ ಅಳತೆ ಹೋದಂತೆಯೇ. ಬದಲಿಗೆ ಪಕ್ಕದಲ್ಲಿ ಸಣ್ಣ ಗುಂಡಿ ತೋಡಿ, ಗೋಡೆಯಿಂದ ಅಳತೆಯ ಚೌಕಟ್ಟಿನಲ್ಲಿ ಮಣ್ಣನ್ನು ಕೊರೆದು ತೆಗೆಯಿರಿ. ಕಲ್ಲು ಹೆಚ್ಚಿರುವ ನೆಲದಲ್ಲೂ ಇದೇ ದಾರಿ. ಕಲ್ಲಿನ ಗಾತ್ರವನ್ನು ನೀರಿನಲ್ಲಿ ಮುಳುಗಿಸಿ ಅಳೆದು ಕಳೆಯುವುದನ್ನು ಮರೆಯಬೇಡಿ.

ತೇವಕ್ಕೆ ಆ 50 ಗ್ರಾಂ ಮಣ್ಣನ್ನು 105 ಡಿಗ್ರಿಯಲ್ಲಿ 24 ತಾಸು ಒಣಗಿಸಿ. ಹಸಿ ತೂಕ 50 ಗ್ರಾಂ, ಒಣ ತೂಕ 40 ಗ್ರಾಂ ಆದರೆ ನೀರು 10 ಗ್ರಾಂ, ಅಂದರೆ ಒಣಮಣ್ಣಿನ ತೂಕದ 25 ಶೇಕಡಾ. ಈ ಅಂಕಿಯನ್ನು ಒಂದು ಮಣ್ಣಿನಿಂದ ಇನ್ನೊಂದಕ್ಕೆ ಹೋಲಿಸುವಂತಿಲ್ಲ. 15 ಶೇಕಡಾ ನೀರಿರುವ ಮರಳುಮಣ್ಣು ಬೇರಿಗೆ ಹಬ್ಬ, ಅಷ್ಟೇ ನೀರಿರುವ ಜೇಡಿ ಬಹುಮಟ್ಟಿಗೆ ಬರಿದು. ಬಿಗಿ ಅಳೆಯುವ ಸೆನ್ಸರ್‌ಗಳನ್ನು ಕನಿಷ್ಠ ಎರಡು ಆಳದಲ್ಲಿ ಹೂತರೆ ಈ ಗೊಂದಲ ತಪ್ಪುತ್ತದೆ. ನೀರು ತುಂಬಿದ ಕೊಳವೆಯಿಂದ ಬಿಗಿ ಅಳೆಯುವ ಟೆನ್ಸಿಯೋಮೀಟರ್ ಮಾತ್ರ ಬರದ ಕೆಲಸಕ್ಕೆ ಆಗದು. ಸುಮಾರು -0.08 ದಾಟಿದರೆ ಒಳಗೆ ಗಾಳಿ ಸೇರಿ ಅದು ಕೈಕೊಡುತ್ತದೆ.

ತೊಳೆದು ವಿಂಗಡಿಸುವುದು

ಸಮಯವೆಲ್ಲ ಹೋಗುವುದು ಇಲ್ಲಿ, ತಪ್ಪುಗಳು ಹುಟ್ಟುವುದೂ ಇಲ್ಲಿ. ಮಣ್ಣನ್ನು ತಣ್ಣೀರಿನಲ್ಲಿ ಕೆಲವು ತಾಸು ನೆನೆಸಿ, ಮೇಲೆ 2 ಮಿ.ಮೀ., ಕೆಳಗೆ 0.5 ಮಿ.ಮೀ. ಜರಡಿ ಇಟ್ಟು ಮೆಲ್ಲಗೆ ನೀರು ಹಾಯಿಸಿ. ದಪ್ಪ ಕಣ್ಣಿನ ಜರಡಿಯೊಂದನ್ನೇ ಬಳಸಿದರೆ ಒಡೆದ ತುದಿಗಳೆಲ್ಲ ನೀರಿನೊಂದಿಗೆ ಹೋಗುತ್ತವೆ. ಹೀರುವ ಕೆಲಸ ಮಾಡುವುದು ಆ ತುದಿಗಳೇ. ನೀರಿನ ರಭಸ ಹೆಚ್ಚಾದರೂ ಇದೇ ನಷ್ಟ. ಜಿಗುಟು ಜೇಡಿ ಬಿಡದಿದ್ದರೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್‌ನ ಸುಮಾರು 5 ಶೇಕಡಾ ದ್ರಾವಣದಲ್ಲಿ ನೆನೆಸಬಹುದು. ಆದರೆ ಆ ಬೇರುಗಳಲ್ಲಿ ರಂಜಕದ ಅಂಶವನ್ನು ಆಮೇಲೆ ಅಳೆಯುವಂತಿಲ್ಲ.

ಜರಡಿಯಲ್ಲಿ ಉಳಿದದ್ದನ್ನು ಬಿಳಿ ತಟ್ಟೆಯಲ್ಲಿ, ಒಂದು ಬೆರಳಿನಷ್ಟು ನೀರಿನಲ್ಲಿ ಹರಡಿ ಚಿಮುಟದಿಂದ ಆರಿಸಿ. ಜೀವಂತ ಬೇರು ಬಗ್ಗುತ್ತದೆ, ಎಳೆದರೆ ಸ್ವಲ್ಪ ಹಿಗ್ಗಿ ಹರಿಯುತ್ತದೆ. ಸೀಳಿ ನೋಡಿದರೆ ನಡುದಂಟು ಬಿಳಿ ಅಥವಾ ತಿಳಿಬಣ್ಣ, ಸಿಪ್ಪೆ ಅದಕ್ಕೆ ಅಂಟಿಕೊಂಡಿರುತ್ತದೆ. ಸತ್ತದ್ದು ಪಟಕ್ಕನೆ ಮುರಿಯುತ್ತದೆ, ಒಳಗೂ ಕಂದು ಅಥವಾ ಕಪ್ಪು, ಸಿಪ್ಪೆ ಕೊಳವೆಯ ಹಾಗೆ ಕಳಚಿಬರುತ್ತದೆ. ಹೊರಬಣ್ಣವೊಂದನ್ನೇ ನಂಬಬೇಡಿ. ಸುಬೆರಿನ್ ತುಂಬಿಕೊಂಡ ಬೇರು ಕಂದಾಗಿದ್ದೂ ಬದುಕಿರುತ್ತದೆ. ಬರದ ಕಾಲದ ಮಣ್ಣಿನಲ್ಲಿ ಅಂಥದ್ದೇ ಹೆಚ್ಚು, ಅದನ್ನು ಸತ್ತದ್ದರ ರಾಶಿಗೆ ಹಾಕಿದರೆ ‘ಬೇರುಗಳೆಲ್ಲ ಸತ್ತವು’ ಎಂಬ ಸುಳ್ಳು ಚಿತ್ರ ಸಿಗುತ್ತದೆ. ಅನುಮಾನವಿದ್ದ ಪ್ರತಿ ಹತ್ತರಲ್ಲಿ ಒಂದನ್ನಾದರೂ ಬ್ಲೇಡಿನಿಂದ ಸೀಳಿ ಭೂತಗನ್ನಡಿಯಲ್ಲಿ ನೋಡಿ. ಇಬ್ಬರು ಆರಿಸುವುದಾದರೆ ಒಂದೇ ತಟ್ಟೆಯನ್ನು ಇಬ್ಬರೂ ಬೇರೆ ಬೇರೆಯಾಗಿ ಆರಿಸಿ ಹೋಲಿಸಿಕೊಳ್ಳಿ. ಮೊದಲ ದಿನ ಇಬ್ಬರ ಲೆಕ್ಕ ತಾಳೆಯಾಗುವುದು ಅಪರೂಪ.

ಸಣ್ಣಬೇರೆಂದರೆ 2 ಮಿ.ಮೀ.ಗಿಂತ ತೆಳ್ಳಗಿನದು ಎಂಬುದು ರೂಢಿ. ಬರದ ಅಧ್ಯಯನಕ್ಕೆ ಈ ಗೆರೆ ಒರಟು. 1.5 ಮಿ.ಮೀ. ಬೇರು ನೀರು ಸಾಗಿಸುವ ಕೊಳವೆ, ವರ್ಷಗಟ್ಟಲೆ ಬದುಕಬಲ್ಲದು. ತುದಿಯಿಂದ ಎಣಿಸಿದರೆ ಮೊದಲ ಎರಡು-ಮೂರು ಕವಲು ಮಾತ್ರ ಹೀರುವಂಥವು. ಉದುರುವುದೂ ಅವೇ. ಎರಡನ್ನೂ ಒಟ್ಟಿಗೆ ತೂಗಿದರೆ ದಪ್ಪದ್ದರ ತೂಕದಲ್ಲಿ ತುದಿಗಳ ಸಾವು ಮುಚ್ಚಿಹೋಗುತ್ತದೆ. ಬೇರೆಯಾಗಿ ತೂಗಿ.

65 ಡಿಗ್ರಿಯಲ್ಲಿ 48 ತಾಸು ಒಣಗಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಬೇಕು. 7 ಸೆಂ.ಮೀ. ವ್ಯಾಸದ ಆಗರ್‌ನ ಬಾಯಿ 38.5 ಚದರ ಸೆಂ.ಮೀ. ಒಂದು ಪದರದಲ್ಲಿ 0.60 ಗ್ರಾಂ ಜೀವಂತ ಬೇರು ಸಿಕ್ಕರೆ ಒಂದು ಚದರ ಮೀಟರ್‌ಗೆ ಸುಮಾರು 156 ಗ್ರಾಂ.

ಉದ್ದಕ್ಕೆ ಸ್ಕ್ಯಾನರ್ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಒಣಗಿಸುವ ಮೊದಲೇ ಮಾಡಬೇಕು. 1 ಸೆಂ.ಮೀ. ಚೌಕಗಳ ಹಾಳೆಯನ್ನು ಪಾರದರ್ಶಕ ತಟ್ಟೆಯ ಕೆಳಗಿಟ್ಟು ಹಸಿ ಬೇರುಗಳನ್ನು ಹರಡಿ. ಬೇರು ಅಡ್ಡ, ಉದ್ದ ಗೆರೆಗಳನ್ನು ಎಷ್ಟು ಸಲ ದಾಟುತ್ತದೆ ಎಂದು ಎಣಿಸಿ, ಆ ಸಂಖ್ಯೆಯನ್ನು 11ರಿಂದ ಗುಣಿಸಿ 14ರಿಂದ ಭಾಗಿಸಿದರೆ ಉದ್ದ ಸೆಂ.ಮೀ.ನಲ್ಲಿ ಸಿಗುತ್ತದೆ. 350 ದಾಟುಗಳಾದರೆ 275 ಸೆಂ.ಮೀ. ಅದರ ಒಣ ತೂಕ 0.11 ಗ್ರಾಂ ಆಗಿದ್ದರೆ ಒಂದು ಗ್ರಾಂಗೆ 25 ಮೀಟರ್. ಬರದಲ್ಲಿ ಈ ಅಂಕಿ ಇಂಥ ಕಡೆಗೇ ಸರಿಯುತ್ತದೆ ಎಂಬ ನಿಯಮವಿಲ್ಲ. ಕೆಲವು ಜಾತಿಗಳು ತೆಳ್ಳಗಿನ ಅಗ್ಗದ ಬೇರನ್ನು ಹೊರಡಿಸುತ್ತವೆ, ಕೆಲವು ದಟ್ಟ ಅಂಗಾಂಶದ ಬಾಳಿಕೆಯ ಬೇರಿಗೆ ಅಂಟಿಕೊಳ್ಳುತ್ತವೆ. ಜರ್ಮನಿಯ ಕ್ರಾನ್ಸ್‌ಬರ್ಗ್ ಕಾಡಿನಲ್ಲಿ ಬೀಚ್ ಮತ್ತು ಸ್ಪ್ರೂಸ್ ಮರಗಳ ಕೆಳಗೆ 2014ರಿಂದ 2018ರವರೆಗೆ ಐದು ಬೇಸಿಗೆ ಚಾವಣಿ ಕಟ್ಟಿ ಮಳೆ ತಡೆದು, 2019ರಲ್ಲಿ ನೀರುಣಿಸಿದರು. ಒಂದೇ ಮಣ್ಣು, ಒಂದೇ ಬರ, ಆದರೂ ಎರಡು ಜಾತಿಯ ಬೇರುಗಳು ಒಂದೇ ತರ ನಡೆದುಕೊಳ್ಳಲಿಲ್ಲ.

ನೆಲದೊಳಗೆ ಕಿಟಕಿ

ಆಗರ್ ತೋರಿಸುವುದು ಆ ದಿನದ ಲೆಕ್ಕ. ಬೇರು ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ ಎಂದು ತಿಳಿಯಲು ಮಿನಿರೈಜೋಟ್ರಾನ್ ಬೇಕು. ಇದು 5-7 ಸೆಂ.ಮೀ. ದಪ್ಪದ ಅಕ್ರಿಲಿಕ್ ಕೊಳವೆ. ಸುಮಾರು 45 ಡಿಗ್ರಿ ಓರೆಯಾಗಿ ಹೂತು, ಒಳಗೆ ಕ್ಯಾಮರಾ ಇಳಿಸಿ ಎರಡು ವಾರಕ್ಕೊಮ್ಮೆ ಅದೇ ಜಾಗದ ಚಿತ್ರ ತೆಗೆಯುತ್ತಾರೆ. ನೆಲದ ಮೇಲಿನ ಭಾಗಕ್ಕೆ ಕಪ್ಪು ಬಣ್ಣ ಬಳಿದು ಮುಚ್ಚಳ ಹಾಕಬೇಕು, ಬೆಳಕು ಇಳಿದರೆ ಬೇರಿನ ವರ್ತನೆ ಬದಲಾಗುತ್ತದೆ. ಹೂತ ಮೇಲೆ 6ರಿಂದ 12 ತಿಂಗಳು ಕಾಯಿರಿ. ಕತ್ತರಿಸಿದ ಬೇರುಗಳು ಚಿಗುರುವ ಗದ್ದಲದಲ್ಲಿ ಮೊದಲ ಚಿತ್ರಗಳು ಕಾಡಿನ ಸಹಜ ಸ್ಥಿತಿಯನ್ನು ತೋರಿಸುವುದಿಲ್ಲ. ಒಣಗಿದಾಗ ಬಿರಿಯುವ ಜೇಡಿನೆಲದಲ್ಲಿ ಇನ್ನೊಂದು ಕಾಟ. ಕೊಳವೆಗೂ ಮಣ್ಣಿಗೂ ನಡುವೆ ಸಂದು ಬಿದ್ದು ಬೇರುಗಳು ಆ ಸಂದಿನಲ್ಲೇ ಉದ್ದಕ್ಕೆ ಓಡುತ್ತವೆ. ಚಿತ್ರದಲ್ಲಿ ಬೇರುಗಳೆಲ್ಲ ಕೊಳವೆಗೆ ಸಮಾನಾಂತರವಾಗಿ ಸಾಗಿದ್ದು ಕಂಡರೆ ಆ ಕೊಳವೆಯನ್ನು ಲೆಕ್ಕದಿಂದ ಬಿಡಿ.

ಕ್ಯಾಮರಾ ಇಲ್ಲದವರಿಗೆ ಜಾಲರಿ ಚೀಲ ಇದೆ. 2 ಮಿ.ಮೀ. ಕಣ್ಣಿನ ಚೀಲಕ್ಕೆ ಅದೇ ಗುಂಡಿಯ, ಬೇರು ಆರಿಸಿ ತೆಗೆದ ಮಣ್ಣನ್ನು ಅದೇ ಗಟ್ಟಿತನಕ್ಕೆ ತುಂಬಿ ಹೂತು, 3-6 ತಿಂಗಳ ನಂತರ ತೆಗೆದು ಹೊಸ ಬೇರನ್ನು ತೂಗಿ. ಸಡಿಲವಾಗಿ ತುಂಬಿದರೆ ಬೇರು ಅಲ್ಲಿಗೇ ಮುಗಿಬೀಳುತ್ತದೆ.

ಆಳದ ನೀರು ಬರುತ್ತಿದೆಯೇ

ಹತ್ತು ಮೀಟರ್ ಅಗೆಯಲಾಗದು, ಆದರೆ ಎಲೆಯನ್ನು ಕೇಳಬಹುದು. ರಾತ್ರಿಯಿಡೀ ಎಲೆರಂಧ್ರ ಮುಚ್ಚಿದ್ದರೆ ಬೆಳಗಿನ ಜಾವಕ್ಕೆ ಎಲೆಯ ಬಿಗಿ, ಬೇರು ಮುಟ್ಟುತ್ತಿರುವ ಹಸಿ ಮಣ್ಣಿನ ಬಿಗಿಯ ಹತ್ತಿರಕ್ಕೆ ಬರುತ್ತದೆ. ಸೂರ್ಯ ಹುಟ್ಟುವ ಮುನ್ನ ಎಲೆ ಅಥವಾ ಪುಟ್ಟ ರೆಂಬೆ ಕತ್ತರಿಸಿ ಒತ್ತಡ ಪೆಟ್ಟಿಗೆಯಲ್ಲಿ (ಕತ್ತರಿಸಿದ ತುದಿಯಲ್ಲಿ ನೀರು ಕಾಣುವವರೆಗೆ ಎಲೆಯ ಸುತ್ತ ಅನಿಲದ ಒತ್ತಡ ಏರಿಸುವ ಉಪಕರಣ) ಅಳೆಯಿರಿ. 30 ಸೆಂ.ಮೀ. ಮಣ್ಣು -2 ಇದ್ದು ಎಲೆ -0.5 ತೋರಿಸಿದರೆ ಆ ಮರಕ್ಕೆ ಬೇರೆಲ್ಲೋ ಹಸಿ ಸಿಗುತ್ತಿದೆ. ಕೆಲವು ಜಾತಿಗಳು ರಾತ್ರಿಯೂ ನೀರು ಬಿಡುತ್ತವೆ. ಹಿಂದಿನ ಸಂಜೆಯೇ ಎಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಆ ತಪ್ಪು ತಗ್ಗುತ್ತದೆ. ಪೆಟ್ಟಿಗೆಯ ಒತ್ತಡ ವಾತಾವರಣದ ಹತ್ತಾರು ಪಟ್ಟಿಗೆ ಏರುವುದರಿಂದ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿ, ಮುಚ್ಚಳದ ನೇರ ಮೇಲೆ ಮುಖ ತರಬೇಡಿ.

ಆಳದ ಬೇರು ಎಳೆದ ನೀರು ರಾತ್ರಿ ಮೇಲಿನ ಒಣ ಪದರಕ್ಕೆ ಸೋರುವುದೂ ಉಂಟು. ಸಕ್ಕರೆ ಮೇಪಲ್ ಮರದಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಮರದ ನೆರೆಯ ಪುಟ್ಟ ಗಿಡಗಳೂ ಆ ನೀರನ್ನು ಕುಡಿಯುತ್ತವೆ. 20-30 ಸೆಂ.ಮೀ.ನಲ್ಲಿ ಅರ್ಧ ತಾಸಿಗೊಮ್ಮೆ ಅಳೆಯುವ ಸೆನ್ಸರ್ ಇಟ್ಟರೆ ಹಗಲು ಇಳಿದು ರಾತ್ರಿ ತುಸು ಏರುವ ಮೆಟ್ಟಿಲು ಕಾಣಬಹುದು. ಕಂಡ ಕೂಡಲೇ ಸಂಭ್ರಮ ಬೇಡ. ಸೆನ್ಸರ್‌ಗಳು ಶಾಖಕ್ಕೂ ಓಗೊಡುತ್ತವೆ, ಆ ಆಳದಲ್ಲಿ ಮಣ್ಣು ಅತಿ ಬೆಚ್ಚಗಾಗುವುದು ಸಂಜೆಯಿಂದ ನಡುರಾತ್ರಿಯ ಹೊತ್ತಿಗೆ. ಪಕ್ಕದಲ್ಲಿ ಉಷ್ಣಮಾಪಕ ಹೂತು ಎರಡೂ ಗೆರೆಗಳನ್ನು ಜೋಡಿಸಿ ನೋಡಿ. ತೇವದ ಏರಿಕೆ ಬೆಳಗಿನ ಜಾವದವರೆಗೆ ಸಾಗಿ, ಮರ ನೀರೆಳೆಯಲು ಶುರುಮಾಡಿದಾಗ ನಿಂತರೆ ನಂಬಬಹುದು. ಶಾಖದ ಜೊತೆಜೊತೆಗೇ ಏರಿಳಿದರೆ ಅದು ಸೆನ್ಸರ್‌ನ ಆಟ.

ಅಂಕಿಗಳನ್ನು ಓದುವುದು

ಮೇಲಿನ 20 ಸೆಂ.ಮೀ.ನಲ್ಲಿ ಜೀವಂತ ಬೇರು ಇಳಿದು ಸತ್ತದ್ದು ಅಷ್ಟೇ ಏರಿದ್ದರೆ ಉದುರಿಸುವಿಕೆ ನಡೆದಿದೆ. ಒಣಮಣ್ಣಿನಲ್ಲಿ ಕೊಳೆಯುವಿಕೆ ನಿಧಾನವಾದ್ದರಿಂದ ಸತ್ತ ಬೇರು ರಾಶಿಬಿದ್ದಿರುತ್ತದೆ. ಮಳೆಯ ನಂತರದ ಸುತ್ತಿನ ಹೊತ್ತಿಗೆ ಅದು ಕೊಳೆಯತೊಡಗಿರುತ್ತದೆ. ಆಗ ಮಾತ್ರ ಅಳೆದವರಿಗೆ ಸಾವು ಪೂರ್ತಿ ಕಾಣದೇ ಹೋಗಬಹುದು. ಜೀವಂತ ಬೇರು ಹಾಗೇ ಇದ್ದು ಬೆಳಗಿನ ಜಾವದ ಎಲೆಯ ಅಂಕಿ ಸೊನ್ನೆಯಿಂದ ಇನ್ನಷ್ಟು ಕೆಳಗಿಳಿಯುತ್ತಿದ್ದರೆ ಬೇರು ಮುಚ್ಚಿಕೊಂಡಿರಬಹುದು ಅಥವಾ ಮಣ್ಣಿನಿಂದ ಸಂದು ಬಿಟ್ಟಿರಬಹುದು. ತೂಕ ಇದನ್ನು ಹೇಳದು, ಬಿಳಿ ತುದಿಗಳ ಎಣಿಕೆ ಹೇಳುತ್ತದೆ. 50 ಸೆಂ.ಮೀ. ಕೆಳಗೆ ಬೇರಿನ ‘ಶೇಕಡಾ ಪಾಲು’ ಹೆಚ್ಚಿದರೆ ಮೊದಲು ಗ್ರಾಂ ನೋಡಿ. ಮೇಲಿನದು ಸತ್ತರೂ ಕೆಳಗಿನ ಪಾಲು ತಾನಾಗಿ ಏರುತ್ತದೆ. ಮಳೆಯಾಗಿ ಮೂರು ವಾರವಾದರೂ ಬಿಳಿ ತುದಿ ಕಾಣದಿದ್ದರೆ ಆ ಮರವನ್ನು ಮುಂದಿನ ಒಣಕಾಲದಲ್ಲಿ ವಿಶೇಷವಾಗಿ ಗಮನಿಸಿ.

ಕೊನೆಗೆ ಗುಂಡಿಗಳು. ತೆಗೆದ ಪ್ರತಿ ರಂಧ್ರಕ್ಕೂ ಅದೇ ಕಾಡಿನ, ಅದೇ ಬಗೆಯ ಮಣ್ಣನ್ನು ತುಂಬಿ ಕೋಲಿನಿಂದ ಅದುಮಿ, ಎಲೆಗಸ ಮತ್ತೆ ಹರಡಿ. ತೆರೆದಿಟ್ಟರೆ ಮಳೆನೀರು ನೇರ ಕೆಳಗೆ ಇಳಿದು ಅಲ್ಲಿನ ತೇವದ ಚಿತ್ರವೇ ಬದಲಾಗುತ್ತದೆ, ಸಡಿಲ ಜಾಗ ಹಿಡಿದು ಬೇರೂ ಇಳಿಯುತ್ತದೆ. ಜಾಗಕ್ಕೆ ಗೂಟ ನೆಟ್ಟು, ಮುಂದಿನ ಸುತ್ತಿನ ಕಂಬವನ್ನು ಅದರಿಂದ ಕನಿಷ್ಠ ಅರ್ಧ ಮೀಟರ್ ದೂರದಲ್ಲಿ ತೆಗೆಯಿರಿ.